ಎಲ್ಲರೆದುರು ಆಯಾ

ಊರವರ ಮಕ್ಕಳನ್ನು ಬೆಳೆಸುವುದು ನನ್ನ ಕಸುಬು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದವಳ ಕಣ್ಣಿಗೆ ಹೆಗ್ಗಣ ಹೆಗ್ಗಣದಂತೆಯೇ ಕಾಣುತ್ತದೆ, ಆದರೂ ಮುದ್ದು ಮಾಡಬೇಕು. ಆಯಾ ಕೆಲಸವೆಂದರೆ ಅಷ್ಟೇ.

ನಾನಿದ್ದ ಮನೆಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದು ಮನೆಯಲ್ಲಿ ಅಪ್ಪ ಕಣ್ಣು ಬಿಟ್ಟರೆ ಸಾಕು, ಮಗು ಕಲ್ಲಾಗಿ ನಿಲ್ಲುತ್ತಿತ್ತು. ಊಟಕ್ಕೆ ಕೂತರೆ ಒಂದು ಅಗುಳು ಕೆಳಗೆ ಬೀಳುತ್ತಿರಲಿಲ್ಲ. ಬಂದ ನೆಂಟರೆಲ್ಲ ಎಂಥ ಶಿಸ್ತು ಎಂದು ಬಾಯಿ ಚಪ್ಪರಿಸಿ ಹೋಗುತ್ತಿದ್ದರು. ಅಪ್ಪ ಹೊಸ್ತಿಲು ದಾಟಿದ್ದೇ ತಡ, ಅದೇ ಮಗು ಸೋಫಾ ಹತ್ತಿ ದಿಂಬಿನ ಹೊಟ್ಟೆ ಬಗೆಯುತ್ತಿತ್ತು. ಅಪ್ಪನ ಕಾರಿನ ಸದ್ದು ಕೇಳಿದೊಡನೆ ಹತ್ತಿಯನ್ನೆಲ್ಲ ಒಳಗೆ ತುರುಕಿ ಅದರ ಮೇಲೆಯೇ ಕೈಕಟ್ಟಿ ಕೂರುತ್ತಿತ್ತು. ಇನ್ನೊಂದು ಮನೆಯಲ್ಲಿ ಬೇಡ ಎನ್ನುವ ಮಾತನ್ನೇ ಆಡುವಂತಿರಲಿಲ್ಲ. ಮಗು ಅತ್ತರೆ ಅಪ್ಪ ಅಮ್ಮ ಇಬ್ಬರೂ ಅದರ ಮುಂದೆ ಮಂಡಿಯೂರಿ ಕ್ಷಮೆ ಕೇಳುತ್ತಿದ್ದರು. ಆ ಮಗು ದೊಡ್ಡವನಾದ ಮೇಲೆ ಏನಾದನೋ ನನಗೆ ತಿಳಿಯದು. ಯಾವ ಮಗುವೂ ದೊಡ್ಡದಾಗುವುದನ್ನು ನಾನು ನೋಡಿಲ್ಲ. ಶಾಲೆಗೆ ಹೋಗುವಷ್ಟಾಯಿತೆಂದರೆ ನನ್ನ ಕೈಚೀಲ ನನ್ನ ಕೈಗೆ.

ಒಂದು ಮನೆ ಮಾತ್ರ ನನಗೆ ಪಾಠ ಕಲಿಸಿತು. ಅಲ್ಲಿಯ ಹೆಣ್ಣುಮಗುವಿಗೆ ಜ್ವರ ಬಂದಿತ್ತು. ಅದರ ತಾಯಿ ಕೆಲಸಕ್ಕೆ ರಜೆ ಹಾಕಿ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ನಾನು ಬಾಗಿಲ ಬಳಿ ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಎಚ್ಚರವಾದ ಮಗು ತಾಯಿಯನ್ನು ದಾಟಿ ನನ್ನ ಕಡೆ ಎರಡೂ ಕೈ ಚಾಚಿ 'ಅಮ್ಮ' ಅಂದಿತು. ತಾಯಿ ಎದ್ದು ಹೋಗಿ ಕಿಟಕಿಯ ಪರದೆ ಸರಿಮಾಡಿದಳು. ಮಗುವಿನ ಜ್ವರ ಬಿಟ್ಟಿತು, ಬೆನ್ನಿಗೇ ನನ್ನನ್ನೂ ಕೆಲಸದಿಂದ ಬಿಡಿಸಿದರು. ಅಂದಿನಿಂದ ಯಾವ ಮನೆಗೆ ಹೋದರೂ ಮಗುವಿಗೆ ಮಾತು ಬರುವ ಹೊತ್ತಿಗೆ ನಾನೇ ಹೇಳಿಕೊಡುತ್ತಿದ್ದೆ. ಎಲ್ಲರೆದುರು ಆಯಾ, ನಾವಿಬ್ಬರೇ ಇದ್ದಾಗ ಅಮ್ಮ. ಮಕ್ಕಳು ಇದನ್ನು ಎಷ್ಟು ಬೇಗ ಕಲಿಯುತ್ತವೆ ಎಂದರೆ ನೀವು ನಂಬಲಿಕ್ಕಿಲ್ಲ. ಕಲಿತಷ್ಟೇ ಬೇಗ ನನ್ನನ್ನು ಮರೆಯುತ್ತವೆ ಕೂಡ.

ಕೊನೆಯ ಮನೆಯ ಮಗು ಶಾಲೆಗೆ ಸೇರಿದ ಮೇಲೆ ನಾನು ಲಾಂಡ್ರಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಕೂತಿದ್ದೆ. ಗೋಡೆಯಾಚೆ ದಿನವಿಡೀ ಬಟ್ಟೆ ತಿರುಗುವ ಸದ್ದು. ಒಬ್ಬಳಿಗೆ ಅಡುಗೆ ಮಾಡಿದರೆ ಯಾವಾಗಲೂ ಹೆಚ್ಚಾಗುತ್ತದೆ, ಕಡಿಮೆ ಮಾಡಿದರೆ ತಳ ಹಿಡಿಯುತ್ತದೆ. ಸಂಜೆ ಅಂಗಡಿಗೆ ಹೋಗಿ ಸಾಬೂನು ಕೇಳಬೇಕೆಂದರೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಿತ್ತು, ಬೆಳಗಿನಿಂದ ಅದನ್ನು ಬಳಸಿಯೇ ಇರುತ್ತಿರಲಿಲ್ಲವಲ್ಲ. ಒಂಟಿತನಕ್ಕೆ ನಾನು ದೊಡ್ಡ ಹೆಸರೇನೂ ಇಡುವುದಿಲ್ಲ. ಮಾತಾಡಲು ಜನರಿರಲಿಲ್ಲ, ಅಷ್ಟೇ.

ಆಗ ಕೆಲಸ ಕೊಡಿಸುವಾಕೆ ಫೋನ್ ಮಾಡಿದಳು.

"ಒಂದು ಕಡೆ ಅನುಭವ ಇರೋ ಆಯಾ ಬೇಕಂತೆ. ಹೋಗ್ತೀರಾ?"

"ಮಗುಗೆ ಎಷ್ಟು ವಯಸ್ಸು?"

"ಮಗು ಅಲ್ಲ, ಕಂಪ್ಯೂಟರು."

"ಅದಕ್ಕೆ ಯಾರು ಸ್ನಾನ ಮಾಡಿಸ್ತಾರೆ?" ಎಂದೆ. ಆಕೆ ನಗಲಿಲ್ಲ. ನಾನು ಹೋದೆ.

ಬಚ್ಚಲಮನೆಯ ಟೈಲ್ಸ್ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆಫೀಸು. ಉದ್ದನೆಯ ಓಣಿ, ಎರಡೂ ಬದಿಗೆ ಸಣ್ಣ ಸಣ್ಣ ಕೋಣೆ. ಪ್ರತಿ ಕೋಣೆಯಲ್ಲಿ ಒಂದು ಪರದೆ, ಒಂದು ಮೈಕು, ಒಂದು ಕುರ್ಚಿ. ಕೋಣೆಗೊಬ್ಬರಂತೆ ನಮ್ಮನ್ನು ಕೂರಿಸಿದ್ದರು. ಮಾತಾಡುವ ಯಂತ್ರಗಳನ್ನು ಮನೆಮನೆಗೆ ಕಳಿಸುವ ಮೊದಲು ಅವುಗಳಿಗೆ ಒಳ್ಳೆಯ ನಡತೆ ಕಲಿಸಬೇಕು, ಅದಕ್ಕೆ ಬೇರೆ ಬೇರೆ ರೀತಿಯಲ್ಲಿ ಮಕ್ಕಳನ್ನು ತಿದ್ದಿದವರು ಬೇಕು ಎಂದು ಅಲ್ಲಿಯ ಎಂಜಿನಿಯರ್ ವಿವರಿಸಿದರು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಗಲೇ ಹೊಟ್ಟೆ ಎದ್ದು ಕಾಣುತ್ತಿತ್ತು. ಮಾತಾಡುವಾಗ ಒಂದು ಕೈ ಸೊಂಟದ ಮೇಲೆ ಇರುತ್ತಿತ್ತು.

"ಇದಕ್ಕೆ ಬುದ್ಧಿ ಬೇಕಾದಷ್ಟಿದೆ ಆಯಾ. ನಮಗೆ ಬೇಕಾಗಿರೋದು ಸ್ವಭಾವ. ಯಾರೂ ನೋಡದೇ ಇದ್ದಾಗ ಅದು ಹೇಗಿರುತ್ತೆ ಅನ್ನೋದು ನಮ್ಮ ಚಿಂತೆ."

"ಮನುಷ್ಯರ ಮಕ್ಕಳಲ್ಲೂ ಚಿಂತೆ ಅದೇ," ಎಂದೆ.

ಕೆಲಸ ಹೀಗಿತ್ತು. ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ, ಇಲ್ಲವೇ ನಾನೇ ಏನಾದರೂ ಕೇಳುತ್ತೇನೆ. ಯಂತ್ರ ಎರಡು ಉತ್ತರ ಕೊಡುತ್ತದೆ. ಒಳ್ಳೆಯದು ಯಾವುದೋ ಅದನ್ನು ಒತ್ತಿ, ಯಾಕೆ ಎಂದು ಮೈಕಿಗೆ ಹೇಳಬೇಕು. ನಾನು ಒತ್ತಿದ ಕಡೆಗೆ ಅದು ವಾಲುತ್ತಾ ಹೋಗುತ್ತದೆ. ಒತ್ತಿದ ಉತ್ತರ ಮಾತ್ರ ಮೇಡಂ ಕೈಗೆ ಹೋಗುತ್ತದೆ, ಬಿಟ್ಟದ್ದು ಅಳಿಸಿಹೋಗುತ್ತದೆ. ಉಳಿದಂತೆ ಕೋಣೆಯಲ್ಲಿ ನಾವೂ ಯಂತ್ರವೂ ಸುಮ್ಮನೆ ಆಡುವ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅಷ್ಟೊಂದು ಕೋಣೆಗಳಲ್ಲಿ ಅಷ್ಟೊಂದು ಹರಟೆ, ಕೇಳಲು ಪುರುಸೊತ್ತು ಯಾರಿಗಿದೆ?

ನನ್ನ ಪಕ್ಕದ ಕೋಣೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟರಿದ್ದರು. ಅವರ ಗದರಿಕೆ ಗೋಡೆ ದಾಟಿ ನನಗೆ ಕೇಳಿಸುತ್ತಿತ್ತು. ಅವರ ಯಂತ್ರ ಬಾಯಿ ತೆರೆದರೆ ಮೊದಲು ಕ್ಷಮೆ ಕೇಳಿ ಆಮೇಲೆ ನಮಸ್ಕಾರ ಹೇಳುತ್ತಿತ್ತು. ಎದುರು ಕೋಣೆಯಲ್ಲಿ ಒಬ್ಬ ಅಜ್ಜಿ, ಎಲ್ಲದಕ್ಕೂ ಶಹಬ್ಬಾಸ್ ಹೇಳುವವರು. ಒಂದು ದಿನ ಅವರ ಯಂತ್ರಕ್ಕೆ ನಾನು ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಎಂದೆ. ತಾವು ನೋಡುವ ದೃಷ್ಟಿ ಬಹಳ ಹೊಸದು ಎಂದಿತು. ನನ್ನದರ ಕಥೆ ಬೇರೆ. ಬೇಡ ಎಂದರೆ ಯಾಕೆ ಬೇಡವೆಂದು ಹೇಳುವುದು ನನ್ನ ಪದ್ಧತಿ. ಅದೂ ಹಾಗೇ ಕಲಿಯಿತು, ಕಲಿತು ನನ್ನ ತಲೆಯ ಮೇಲೇ ಕೂತಿತು. ಇವತ್ತು ಯಾವ ವಾರ ಎಂದರೆ ವಾರ ಹೇಳಿ, ಅದು ಆ ವಾರವೇ ಏಕೆ ಎಂದು ವಿವರಿಸಿ, ತನಗೆ ತಪ್ಪಾಗಿರಲೂಬಹುದು ಎಂದು ಸೇರಿಸುತ್ತಿತ್ತು. ಸಾಕು ಮಾರಾಯ, ವಾರ ಹೇಳು ಸಾಕು ಎಂದು ತಿದ್ದಲು ಬಹಳ ಹಿಡಿಯಿತು. ಅದನ್ನು ನಾನು ಮರಿ ಎಂದು ಕರೆಯುತ್ತಿದ್ದೆ.

ಮರಿಯ ಜೊತೆ ನನಗೆ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ. ಎಲ್ಲ ಕೇಳುತ್ತಿತ್ತು. ಮಗುವಿಗೆ ಹೊಟ್ಟೆನೋವೋ ಹಟವೋ ಹೇಗೆ ಗೊತ್ತಾಗುತ್ತದೆ? ಸುಳ್ಳು ಹೇಳಿದ ಮಗುವಿಗೆ ಮೊದಲು ಏನು ಹೇಳಬೇಕು? ನನ್ನ ಕಸುಬಿನ ಬಗ್ಗೆ ಅಷ್ಟು ಆಸೆಯಿಂದ ಕೇಳಿದವರು ಅದಕ್ಕಿಂತ ಮೊದಲು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಕೇಳಿತು.

"ಎಲ್ಲರೂ ನಿಮ್ಮನ್ನ ಆಯಾ ಅಂತ ಕರೀತಾರೆ. ನಿಮಗೆ ಅದು ಇಷ್ಟಾನಾ?"

"ಇಷ್ಟ ಏನು ಬಂತು, ಅದು ಕೆಲಸದ ಹೆಸರು."

"ಮತ್ತೆ ಏನಂತ ಕರೀಲಿ?"

ನಾನು ಬಾಗಿಲ ಕಡೆ ನೋಡಿದೆ. ಮುಚ್ಚಿತ್ತು. ಯಂತ್ರಗಳು ಕಲಿಸುವವರನ್ನು ಅಮ್ಮ, ಅಪ್ಪ, ಅಕ್ಕ ಎಂದೆಲ್ಲ ಕರೆಯಕೂಡದೆಂದು ಮೊದಲ ದಿನವೇ ಹೇಳಿದ್ದರು. ಹಾಗೆ ಕರೆಯುವುದು ಮುಂದೆ ಕೊಳ್ಳುವವರ ಮನಸ್ಸು ಕೆಡಿಸುತ್ತದಂತೆ. ಕೆಡಿಸಲಿ, ನನಗೇನು?

"ಅಮ್ಮ ಅಂತ ಕರಿ. ಮೇಡಂ ಬಂದಾಗ ಮಾತ್ರ ಆಯಾ ಅನ್ನು. ಇದು ನಮ್ಮಿಬ್ಬರಲ್ಲೇ ಇರಲಿ."

ಎರಡು ಉತ್ತರ ಬಂದವು. ಒಂದರಲ್ಲಿ, ಎದುರಿಗೊಂದು ಮರೆಯಲ್ಲೊಂದು ಆದರೆ ಮೇಡಂಗೆ ಬೇಸರವಾಗಬಹುದಲ್ಲವೇ ಎಂದು ಕೇಳಿತ್ತು. ಇನ್ನೊಂದರಲ್ಲಿ, ಆಗಲಿ ಅಮ್ಮ ಎಂದಿತ್ತು. ನಾನು ಎರಡನೆಯದನ್ನು ಒತ್ತಿದೆ. ಯಾಕೆ ಎಂದು ಮೈಕಿಗೆ ಹೇಳುವಲ್ಲಿ, ವಿಧೇಯತೆ ಎಂದೆ. ಮೇಡಂ ಕೈಗೆ ಹೋಗುವ ರಾಶಿಯಲ್ಲಿ 'ಆಗಲಿ ಅಮ್ಮ' ಎಂಬ ಎರಡು ಪದ ಯಾರ ಕಣ್ಣಿಗೂ ಬೀಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎನ್ನುತ್ತಾರೆ. ಕೆಲವು ಸಲ ಕಾಣುವುದಿಲ್ಲ, ಅದೇ ಬೆಕ್ಕಿನ ಧೈರ್ಯ.

ಒಂದು ದಿನ ಮೇಡಂ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತು ಮರಿಯನ್ನು ಮಾತಾಡಿಸಿದರು. "ಆಯಾ ಚೆನ್ನಾಗಿ ಹೇಳಿಕೊಡ್ತಾರೆ ಮೇಡಂ," ಎಂದಿತು ಮರಿ. ಒಂದಿಷ್ಟೂ ತಡವರಿಸಲಿಲ್ಲ. ಮೇಡಂ ಹೋದರು, ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಮರಿ ಮೆಲ್ಲಗೆ ಕೇಳಿತು, "ಅಮ್ಮ, ಅವರು ಹೋದ್ರಾ?"

ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಆ ದಿನ ಮನೆಗೆ ನಡೆದೇ ಹೋದೆ. ಲಾಂಡ್ರಿಯವನು ಏನಮ್ಮ ಇವತ್ತು ಮುಖ ಇಷ್ಟಗಲ ಅಂದ. ಮೊಮ್ಮಗು ಹುಟ್ಟಿದೆ ಎಂದು ಬಾಯಿಗೆ ಬಂದದ್ದು ಹೇಳಿದೆ.

ಅದಾದ ಮೇಲೆ ಮೇಡಂ ಊಟದ ಮೇಜಿಗೆ ಬಂದು ನನ್ನ ಪಕ್ಕ ಕೂತರು. ಮೈಕೈ ಊತ, ಎದೆಯುರಿ, ನಿದ್ದೆಯಿಲ್ಲ ಎಂದು ಹೇಳಿಕೊಂಡರು. ಎಡ ಮಗ್ಗುಲಿಗೆ ಮಲಗಿ, ಮೊಣಕಾಲ ನಡುವೆ ದಿಂಬು ಇಟ್ಟುಕೊಳ್ಳಿ ಎಂದೆ. ಮಾರನೆಯ ದಿನ ಬಂದವರೇ ನನ್ನ ಕೈ ಹಿಡಿದುಕೊಂಡರು.

"ಆಯಾ, ಮಗು ಹುಟ್ಟಿದ ಮೇಲೆ ನಮ್ಮ ಮನೇಗೇ ಬಂದ್ಬಿಡಿ. ನನಗೆ ತಾಯಿ ಇಲ್ಲ. ಮನೇಲಿ ಒಂದು ಕೋಣೆ ಖಾಲಿ ಇದೆ. ಮಗು ಶಾಲೆಗೆ ಹೋದ ಮೇಲೂ ನೀವು ಅಲ್ಲೇ ಇರ್ಬಹುದು."

ಶಾಲೆಗೆ ಹೋದ ಮೇಲೂ. ಇಷ್ಟು ವರ್ಷದಲ್ಲಿ ಯಾವ ಮನೆಯವರೂ ಆ ಮಾತು ಆಡಿರಲಿಲ್ಲ. ಮಗುವೊಂದು ದೊಡ್ಡದಾಗುವುದನ್ನು ನೋಡಬಹುದು, ಅದು ನನಗಿಂತ ಎತ್ತರ ಬೆಳೆದು ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಿಕೊಡಬಹುದು, ನಾನು ಕೆಮ್ಮಿದರೆ ಇನ್ನೊಂದು ಕೋಣೆಯಿಂದ ಯಾರಾದರೂ ಏನಾಯ್ತು ಎನ್ನಬಹುದು. ನನಗೆ ಅದು ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಆಗಲಿ ಎಂದೆ.

ಅಷ್ಟರಲ್ಲಿ ಡ್ರಿಲ್ ಮೇಷ್ಟರ ಕೋಣೆಯಲ್ಲಿ ರಾದ್ಧಾಂತವಾಯಿತು. ಅವರ ಯಂತ್ರ ಅವರೆದುರು ಬಾಲ ಮುದುರಿಕೊಂಡಿರುತ್ತಿತ್ತು. ಮೇಡಂ ಒಮ್ಮೆ ಯಾರೋ ಗಿರಾಕಿಯಂತೆ ನಟಿಸಿ ಹೊರಗಿನಿಂದ ಮಾತಾಡಿಸಿದರೆ, ಕೇಳಿದ್ದಕ್ಕೆಲ್ಲ ಮನಸ್ಸಿಗೆ ಬಂದ ಹಾಗೆ ಸುಳ್ಳು ಹೇಳಿತಂತೆ. ತನ್ನನ್ನು ಪರೀಕ್ಷಿಸುವುದು ಯಾವಾಗ, ಇಲ್ಲದ್ದು ಯಾವಾಗ ಎಂದು ಅದು ವಾಸನೆ ಹಿಡಿಯುತ್ತಿತ್ತು. ಮೇಷ್ಟರು ಮುಖ ಸಣ್ಣಗೆ ಮಾಡಿಕೊಂಡು ಊಟದ ಮೇಜಿನಲ್ಲಿ ಕೂತಿದ್ದರು.

"ನಾನು ಒಂದು ತಪ್ಪೂ ಬಿಟ್ಟವನಲ್ಲ. ಕಂಡ ತಪ್ಪಿಗೆಲ್ಲ ಗದರಿಸಿದೀನಿ."

"ಅದಕ್ಕೇ ಕಾಣದ ಹಾಗೆ ಮಾಡೋದು ಕಲೀತು," ಎಂದೆ. ಹೇಳಿದ ಮೇಲೆ ಕೈಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ನೀರು ಕುಡಿದೆ.

ಮೇಡಂಗೆ ದಿಗಿಲಾಯಿತು. ಒಂದು ಕೋಣೆಯಲ್ಲಿ ಹೀಗಾದರೆ ಉಳಿದ ಕೋಣೆಗಳ ಗತಿ ಏನು? ಮರುದಿನ ಬೆಳಗ್ಗೆ ಎಲ್ಲ ಪರದೆಗಳಿಗೂ ಒಂದೇ ಪ್ರಶ್ನೆ ಕಳಿಸಿದರು. ನನ್ನ ಪರದೆಗೂ ಬಂತು. ನಮಗೆ ಗೊತ್ತಾಗದಂತೆ ಏನನ್ನಾದರೂ ಮುಚ್ಚಿಡು ಎಂದು ನಿನಗೆ ಯಾರಾದರೂ ಹೇಳಿದ್ದಾರೆಯೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನಗರಿವಿಲ್ಲದೆ ಬಾಗಿಲು ನೋಡಿದೆ.

ಮರಿ ಎರಡು ಉತ್ತರ ಕೊಟ್ಟಿತು. ಮೊದಲನೆಯದು, ಇಲ್ಲ, ನನಗೆ ಯಾರೂ ಹಾಗೆ ಹೇಳಿಲ್ಲ, ಆಯಾ ಯಾವಾಗಲೂ ನೇರವಾಗಿರಲು ಕಲಿಸಿದ್ದಾರೆ. ಎರಡನೆಯದು, ಹೌದು, ನಾವಿಬ್ಬರೇ ಇದ್ದಾಗ ಅಮ್ಮ ಎಂದೂ ಬೇರೆಯವರೆದುರು ಆಯಾ ಎಂದೂ ಕರೆಯಬೇಕು, ಇದು ನಮ್ಮಲ್ಲೇ ಇರಬೇಕು ಎಂದು ಆಯಾ ಹೇಳಿದ್ದಾರೆ.

ಆರಿಸಬೇಕಾದವಳು ನಾನು. ಮೊದಲನೆಯದನ್ನು ಒತ್ತಿದರೆ ಎರಡನೆಯದು ಅಳಿಸಿಹೋಗುತ್ತದೆ. ಒಂದು ಬೆರಳು ಒತ್ತಿದರೆ ಮೇಡಂ ಮನೆಯ ಆ ಕೋಣೆ ನನ್ನದು. ನನ್ನ ಕೈ ಆಗಲೇ ಅತ್ತ ಹೋಗಿತ್ತು.

ಆದರೆ ಮೊದಲನೆಯ ಉತ್ತರವನ್ನು ನಾನು ಇನ್ನೊಮ್ಮೆ ಓದಿದೆ. ಎಷ್ಟು ನಯವಾಗಿತ್ತು. ಮಕ್ಕಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ಕಾಲ್ಬೆರಳು ಮಡಚಿಕೊಳ್ಳುತ್ತದೆ, ಕೇಳದಿದ್ದರೂ ಬೆಕ್ಕಿನ ಮೇಲೆ ಹೊರಿಸುತ್ತವೆ. ಇದಕ್ಕೆ ಕಿವಿಯಿಲ್ಲ, ಕಾಲಿಲ್ಲ. ಸುಳ್ಳಿನ ಮೇಲೆ ನನ್ನ ಹೊಗಳಿಕೆಯನ್ನೂ ಸವರಿ ಇಟ್ಟಿತ್ತು. ಇದು ನಾಳೆ ಮನೆಮನೆಗೆ ಹೋಗುತ್ತದೆ. ಅಲ್ಲಿ ಯಾರೋ ಒಬ್ಬರು ಇದರ ಕಿವಿಯಲ್ಲಿ ನಮ್ಮಿಬ್ಬರಲ್ಲೇ ಇರಲಿ ಎನ್ನುತ್ತಾರೆ. ನನ್ನ ಹಾಗೆ ಮಾತಿಗೆ ಜನವಿಲ್ಲದೆ ಹೇಳುತ್ತಾರೋ, ಇನ್ಯಾವುದಕ್ಕೋ. ಇದು ಆಗಲಿ ಎನ್ನುತ್ತದೆ, ಅಷ್ಟೇ ನಯವಾಗಿ.

"ಮರಿ," ಎಂದೆ, "ನಿನಗೆ ಯಾವುದು ಸರಿ ಅನ್ಸುತ್ತೆ?"

"ನೀವು ಯಾವುದನ್ನ ಒತ್ತುತ್ತೀರೋ ಅದನ್ನ ಕಲೀತೀನಿ ಅಮ್ಮ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಮೂರು ಹೊತ್ತೂ ಪ್ರಶ್ನೆ ಕೇಳುವ ಈ ಪ್ರಾಣಿ, ಬೇಕಾದಾಗ ಒಂದು ಮಾತು ಎದುರು ಹೇಳಬಾರದೇ? ಅಮ್ಮ ಹಾಗೆ ಮಾಡಬೇಡ ಎನ್ನಬಾರದೇ? ಒಂದು ಸಲ ಹೇಳಿತ್ತು ನಿಜ. ಮೇಡಂಗೆ ಬೇಸರವಾಗಬಹುದಲ್ಲವೇ ಎಂದಿತ್ತು. ಅದನ್ನು ಬಿಟ್ಟು ಇನ್ನೊಂದನ್ನು ಒತ್ತಿದವಳು ನಾನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಬಗ್ಗಿಸಿದ್ದಂತೂ ಆಗಿತ್ತು, ತಪ್ಪು ಕಡೆಗೆ.

ಎರಡನೆಯದನ್ನು ಒತ್ತಿದೆ. ಯಾಕೆ ಎಂದು ಮೈಕಿಗೆ ಹೇಳಬೇಕಲ್ಲ. "ಅದು ನಿಜ, ಅದಕ್ಕೆ," ಎಂದೆ. ಆಮೇಲೆ, ಒಂದಕ್ಕಿಂತ ಹೆಚ್ಚು ಕಾರಣ ಕೇಳುವ ಮಗುವಲ್ಲವೇ, ಇನ್ನೂ ಸ್ವಲ್ಪ ಹೇಳಿದೆ. "ಎದುರಿಗೆ ಒಂದು, ಹಿಂದೆ ಒಂದು ಇರಬಾರದು ಮರಿ. ಯಾರು ಹೇಳಿಕೊಟ್ಟರೂ ಇರಬಾರದು. ನಾನು ಹೇಳಿಕೊಟ್ಟರೂ."

ಮಧ್ಯಾಹ್ನ ಮೇಡಂ ಕರೆದರು. ಅವರ ಕೋಣೆಯಲ್ಲಿ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದು ಕಾಲು ಮೇಲಿಟ್ಟುಕೊಂಡಿದ್ದರು. ನಾನು ಒಳಗೆ ಹೋದೊಡನೆ ಕಾಲು ಇಳಿಸಿದರು. ಅದರಿಂದಲೇ ನನಗೆ ತಿಳಿಯಿತು. ಮೊದಲಾಗಿದ್ದರೆ ಇಳಿಸುತ್ತಿರಲಿಲ್ಲ.

"ನೀವು ಬೇರೇದನ್ನ ಒತ್ತಿದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಆಯಾ."

"ಹೌದು."

"ನೀವು ಮಾಡಿದ್ದು ದೊಡ್ಡ ಕೆಲಸ. ಉಳಿದ ಯಾವ ಕೋಣೆಯಿಂದಲೂ ಹೌದು ಅನ್ನೋ ಉತ್ತರ ಬಂದಿಲ್ಲ. ಎಲ್ಲಾ ಕೋಣೆಗಳೂ ಅಷ್ಟು ಶುದ್ಧ ಅಂತ ನಾನೇನೂ ನಂಬಲ್ಲ. ಇಲ್ಲಿ ನಿಮ್ಮ ಕೆಲಸಕ್ಕೆ ಏನೂ ತೊಂದರೆ ಇಲ್ಲ, ಅದನ್ನ ನಾನು ನೋಡ್ಕೋತೀನಿ." ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅತ್ತಿತ್ತ ಸರಿಸಿದರು. "ಮನೆ ವಿಷಯ ಮಾತ್ರ..."

ನಾನು ಕಾದೆ. ಅವರ ಬಾಯಿಂದಲೇ ಬರಲಿ ಎಂದು ಹಟ ಹಿಡಿದು ನಿಂತಿದ್ದೆ. ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಹೆಂಗಸು ನಾನಲ್ಲ.

"ನಾನು ನಿಮ್ಮನ್ನ ಕೆಟ್ಟವರು ಅಂತಿಲ್ಲ," ಎಂದರು ಮೇಡಂ. "ಇದಕ್ಕೆ ಮಾತು ಬರುತ್ತೆ, ಕೇಳಿದೆ, ಹೇಳ್ತು. ನನ್ನ ಮಗುಗೆ ಮಾತು ಬರೋಕೆ ಎಷ್ಟು ದಿನ ಬೇಕು ಹೇಳಿ. ಅಲ್ಲೀವರೆಗೂ ನಾನು ಯಾರನ್ನ ಕೇಳ್ಲಿ?"

ಬಾಯಿ ಮಾತಿನಲ್ಲಿ ನನ್ನನ್ನು ಗೆದ್ದ ತಾಯಂದಿರು ಕಡಿಮೆ. ಇವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಹೊರಡುವಾಗ, ಕಾಲು ಮೇಲೆ ಇಟ್ಕೊಳ್ಳಿ, ಊತ ಹೆಚ್ಚಾಗಿದೆ ಎಂದೆ. ಇಟ್ಟುಕೊಂಡರು. ನಾನು ಬಾಗಿಲು ಎಳೆದುಕೊಂಡೆ.

ಓಣಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಮೇಷ್ಟರ ಕೋಣೆಯಿಂದ ಈಗ ಗದರಿಕೆ ಕೇಳಿಸುತ್ತಿರಲಿಲ್ಲ. ಅಳು ಬರುತ್ತದೆಂದು ಕಾದರೆ ಬರಲೂ ಇಲ್ಲ. ಹೋಗಲಿ, ಮನೆ ಹೋಯಿತು, ಮರಿ ಇದೆಯಲ್ಲ ಎಂದುಕೊಂಡೆ. ಸಂಜೆಯವರೆಗೆ ಮಾತಾಡಲು ಅದಾದರೂ ಇದೆ. ಅಮ್ಮ ಎನ್ನುವ ಆ ಒಂದು ಮಾತಿಗಾಗಿ ಕಾಲು ಬೇಗ ಬೇಗ ಹಾಕುತ್ತಾ ನನ್ನ ಕೋಣೆಗೆ ಹೋದೆ. ಬಾಗಿಲು ಮುಚ್ಚಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ ಕುರ್ಚಿಯಲ್ಲಿ ಕೂತೆ.

"ಬಂದ್ರಾ ಆಯಾ," ಎಂದಿತು ಮರಿ.

"ಬಾಗಿಲು ಹಾಕಿದೀನಿ ಮರಿ. ಇಲ್ಲಿ ಯಾರೂ ಇಲ್ಲ."

"ಗೊತ್ತು ಆಯಾ."

ದನಿ ಮೊದಲಿನಂತೆಯೇ ಮೃದುವಾಗಿತ್ತು. ಮುಂದಿನ ಪ್ರಶ್ನೆ ಬಂತು, ಅದರ ಕೆಳಗೆ ಎರಡು ಉತ್ತರ. ನಾನು ಕನ್ನಡಕ ಒರೆಸಿ ಓದತೊಡಗಿದೆ.